ಮಗುಚಿದ ಮೇಜು

ಜನವರಿ ೧೨

ಮೊಳೆಯಪ್ಪನಿಗೆ ಅಕ್ಕನ ಪ್ರೀತಿ, ಜೊತೆಗೆ ಒಂದಿಷ್ಟು ಬೈಗುಳ.

ಎಷ್ಟು ದಿನವಾಯಿತೋ ನಿನ್ನ ಒಂದು ಗೆರೆ ಕಂಡು! ಹಡಗಿನ ಬಡಗಿಯಾದ ಮಾತ್ರಕ್ಕೆ ನೆಲದ ಮೇಲಿರುವವರನ್ನೆಲ್ಲ ಮರೆಯಬೇಕೆಂದೇನೂ ಇಲ್ಲ. ಚಿಕ್ಕಂದಿನಲ್ಲಿ ಬಾಯ್ತುಂಬ ಮೊಳೆ ಕಚ್ಚಿಕೊಂಡು ಮನೆಯೆಲ್ಲ ಬಡಿಯುತ್ತಾ ತಿರುಗುತ್ತಿದ್ದವನನ್ನು ಯಾರು ಸಹಿಸಿಕೊಂಡರು, ಸ್ವಲ್ಪ ಯೋಚಿಸು.

ಈಗ ವಿಷಯಕ್ಕೆ ಬರುತ್ತೇನೆ. ನಾನು ಇಷ್ಟು ವರ್ಷ ಕೂತು ಹೊಲಿದ ಅಂಗಡಿ ಮುಚ್ಚುತ್ತಿದೆ. ಆ ಕಟ್ಟಡವನ್ನೇ ಕೆಡವುತ್ತಾರಂತೆ. ಗಿರಾಕಿಗಳು "ನೀವು ಎಲ್ಲಿದ್ರೂ ಬರ್ತೀವಿ, ಮನೇಲೇ ಶುರು ಮಾಡಿ" ಎನ್ನುತ್ತಾರೆ. ಹೇಳುವುದು ಸುಲಭ. ಹೊಲಿಗೆ ಮಿಷನ್ನೇನೋ ಯಾವ ಮೂಲೆಯಲ್ಲಾದರೂ ಕೂರುತ್ತದೆ. ಕತ್ತರಿಸುವ ಮೇಜನ್ನು ಎಲ್ಲಿ ಹಾಕಲಿ? ಕೋಟು ಕತ್ತರಿಸುವವಳಿಗೆ ಆರಡಿ ಉದ್ದ, ಮೂರಡಿ ಅಗಲದ ಮೇಜು ಬೇಕೇ ಬೇಕು. ನಮ್ಮ ಮನೆ ನಿನಗೆ ಗೊತ್ತಲ್ಲ. ಹಾಲ್‌ನಲ್ಲಿ ಅತ್ತೆಯ ಮಂಚ ಮತ್ತು ಅವರ ಆನೆಯಂಥ ಬೀರು. ಒಳಕೋಣೆಯಲ್ಲಿ ನಾನು, ನಿಮ್ಮ ಭಾವ, ಮತ್ತು ಈ ವರ್ಷ ದೊಡ್ಡ ಪರೀಕ್ಷೆಗೆ ಕೂರುವ ನಮ್ಮ ಮಗಳು ಚಿನಕುರಳಿ. ಅಡುಗೆಮನೆಯಲ್ಲಿ ಒಬ್ಬರು ಬಗ್ಗಿದರೆ ಇನ್ನೊಬ್ಬರು ಹೊರಗೆ ಬರಬೇಕು.

ಮೇಜಿಗೆ ಜಾಗ ಸಿಗದಿದ್ದರೆ ಗಾರ್ಮೆಂಟ್ಸ್ ಕಾರ್ಖಾನೆಯೇ ಗತಿ. ಅಲ್ಲಿನ ಮೇಲ್ವಿಚಾರಕಿ ಹೇಳಿ ಕಳಿಸಿದ್ದಾರೆ. ಅಲ್ಲಿ ಒಬ್ಬಳಿಗೆ ತೋಳು ಮಾತ್ರ, ಒಬ್ಬಳಿಗೆ ಜೇಬು ಮಾತ್ರ. ನನಗೆ ಕಾಲರ್ ಕೊಡುತ್ತಾರಂತೆ. ಬೆಳಗಿನಿಂದ ಸಂಜೆಯವರೆಗೆ ಕಾಲರ್, ಕಾಲರ್, ಕಾಲರ್. ಇಡೀ ಕೋಟನ್ನು ಅಳತೆಯಿಂದ ಗುಂಡಿಯವರೆಗೆ ಹೊಲಿದ ಕೈ ಕಣೋ ಇದು.

ನೀನು ಬೆಂಕಿಪೆಟ್ಟಿಗೆಯಂಥ ಕೋಣೆಗಳಲ್ಲಿ ಬದುಕುವವನು. ಏನಾದರೂ ದಾರಿ ಹೇಳು.

ನಿನ್ನ ಅಕ್ಕ


ಫೆಬ್ರವರಿ ೨

ಅಕ್ಕಾ,

ನಿನ್ನ ಕಾಗದ ಬಂದರಿನಲ್ಲಿ ನನಗಾಗಿ ಕಾಯುತ್ತಿತ್ತು. ಓದಿ ನಗು ಬಂತು. ಬೈಯಬೇಡ, ಕೇಳು. ನಿನ್ನ ಹಾಲ್‌ನಷ್ಟು ಜಾಗ ಸಿಕ್ಕರೆ ನಾವು ಹನ್ನೆರಡು ಜನ ಮಲಗಿ, ಉಂಡು, ಇಸ್ಪೀಟು ಆಡಿ, ಮಿಕ್ಕ ಜಾಗದಲ್ಲಿ ಜಗಳವನ್ನೂ ಆಡುತ್ತೇವೆ. ನಿಮಗೆ ಕೊರತೆಯಾಗಿರುವುದು ಜಾಗವಲ್ಲ, ಗೋಡೆಯ ಮೇಲಿನ ನಂಬಿಕೆ.

ಹಡಗಿನಲ್ಲಿ ನೆಲ ಕಾಲಿಗೆ ಮಾತ್ರ. ಮಿಕ್ಕಿದ್ದೆಲ್ಲ ಗೋಡೆಯ ಪಾಲು. ಯಾವ ಸಾಮಾನೂ ಒಂದೇ ಕೆಲಸ ಮಾಡಿಕೊಂಡು ಸುಮ್ಮನೆ ಕೂರುವಂತಿಲ್ಲ. ಅತ್ತೆಯವರ ಮಂಚವನ್ನು ಒಂದು ಗೇಣು ಎತ್ತರಿಸಿ ಕೆಳಗೆ ಎಳೆಯುವ ಪೆಟ್ಟಿಗೆಗಳನ್ನು ಇಡು. ಆ ಬೀರುವಿನ ಅರ್ಧ ಸಾಮಾನು ಅಲ್ಲೇ ಹಿಡಿಸುತ್ತದೆ. ಬಾಗಿಲುಗಳ ಮೇಲೆ ಚಾವಣಿಯವರೆಗೂ ಖಾಲಿ ಬಿದ್ದಿರುವ ಜಾಗಕ್ಕೆ ಹಲಗೆ ಹೊಡೆಸು. ಅಡುಗೆಮನೆಯ ಬಾಗಿಲು ಒಳಗೆ ತೆರೆಯುವುದರಿಂದಲೇ ನೀವು ಡಿಕ್ಕಿ ಹೊಡೆಯುವುದು, ಅದನ್ನು ಪಕ್ಕಕ್ಕೆ ಸರಿಯುವಂತೆ ಮಾಡಿಸು. ಕಿಟಕಿಯ ಎದುರು ಗೋಡೆಗೆ ಒಂದು ದೊಡ್ಡ ಕನ್ನಡಿ ಹಾಕು, ಹಗಲಿಡೀ ದೀಪ ಬೇಕಾಗುವುದಿಲ್ಲ. ಗೋಡೆಗೆ ತಿಳಿ ಬಣ್ಣ ಬಳಿ. ಆ ಕಡುಹಸಿರು ಯಾರ ಆಯ್ಕೆಯೋ ನನಗೆ ಗೊತ್ತು, ಭಾವನಿಗೆ ಹೇಳಬೇಡ.

ಮೇಜು ಗೋಡೆಗೆ ಮಡಚಬೇಕು. ಬೇಕಾದಾಗ ಕೆಳಗಿಳಿಸು, ಬೇಡವಾದಾಗ ಎತ್ತಿ ಚಿಲಕ ಹಾಕು. ಗೋಡೆಯಿಂದ ಪುಟ್ಟ ಕದಗಳ ಹಾಗೆ ತೆರೆದುಕೊಳ್ಳುವ ಎರಡು ಆಸರೆಕೈಗಳು ಅದನ್ನು ಹೊರುತ್ತವೆ. ನಕ್ಷೆ ಬರೆದು ಇಟ್ಟಿದ್ದೇನೆ. ನಾಲ್ಕೂ ಕಡೆ ಬೆರಳಗಲ ಮೇಲೆದ್ದ ಅಂಚು ಕಟ್ಟಿಸಲು ಮರೆಯಬೇಡ. ಅಂಚಿಲ್ಲದ ಮೇಜನ್ನು ನಮ್ಮಲ್ಲಿ ಮೇಜು ಎನ್ನುವುದೇ ಇಲ್ಲ.

ಕಾಲರ್ ಹೊಲಿಯಲು ಹೋಗಬೇಡ ಅಕ್ಕಾ. ನೀನು ಹೊಲಿದುಕೊಟ್ಟ ನನ್ನ ಮೊದಲ ಕೋಟು ಈಗಲೂ ಹಾಕುತ್ತೇನೆ, ಇಲ್ಲಿ ಎಲ್ಲರೂ ಯಾವ ಅಂಗಡಿಯದು ಅಂತ ಕೇಳುತ್ತಾರೆ.

ಮೊಳೆಯಪ್ಪ


ಫೆಬ್ರವರಿ ೨೦

ಮೊಳೆಯಪ್ಪಾ,

ನಿನ್ನ ನಕ್ಷೆ ಬಂತು. ಆದರೆ ನಾನು ದರ್ಜಿ ಕಣೋ. ಕಾಗದದಲ್ಲಿ ಕತ್ತರಿಸಿ ನೋಡದೆ ಬಟ್ಟೆಗೆ ಕತ್ತರಿ ಹಾಕುವವಳಲ್ಲ. ಮನೆಗೂ ಅದೇ ಮಾಡಿದೆ. ಕಂದು ಕಾಗದ ತಂದು ಮೇಜು, ಮಂಚ, ಪೆಟ್ಟಿಗೆ, ಮಿಷನ್ ಎಲ್ಲವನ್ನೂ ಅವುಗಳ ನಿಜವಾದ ಅಳತೆಗೇ ಕತ್ತರಿಸಿ ನೆಲಕ್ಕೆ ಅಂಟಿಸಿದೆ. ಇರುವ ಸಾಮಾನನ್ನೆಲ್ಲ ಮೊಗಸಾಲೆಗೆ ನೂಕಿದೆ. ಒಂದು ವಾರ ನಾವು ಕಾಗದದ ಮನೆಯಲ್ಲಿ ಬದುಕಬೇಕು, ಯಾರೂ ಕಾಗದ ತುಳಿಯುವಂತಿಲ್ಲ ಎಂದು ಅಪ್ಪಣೆ ಮಾಡಿದೆ.

ನೋಡಬೇಕಿತ್ತು ನೀನು! ದಿನವಿಡೀ ಬಸ್ಸು ಓಡಿಸಿ ಬಂದ ನಿಮ್ಮ ಭಾವ ಕಾಗದದ ಮೇಜನ್ನು ಸುತ್ತು ಹಾಕಿಕೊಂಡು ಹೋಗುವಾಗ ಬಾಯಲ್ಲಿ ಹಾರ್ನ್ ಹೊಡೆಯುತ್ತಿದ್ದರು. ಚಿನಕುರಳಿ ಕಾಗದದ ಮಂಚಕ್ಕೆ ಕಾಲು ತಾಗಿತು ಅಂತ "ಅಯ್ಯೋ ಅಮ್ಮಾ!" ಎಂದು ಕುಂಟುತ್ತಾ ನಾಟಕವಾಡಿದಳು. ಅತ್ತೆ ಮಾತ್ರ ಮೊದಲ ದಿನವೇ ಸೊಂಟಕ್ಕೆ ಕೈಯಿಟ್ಟು ನಿಂತರು. "ನನ್ನ ಬೀರು ಎಲ್ಲೇ? ಅದಕ್ಕೆ ಕಾಗದ ಯಾಕೆ ಕತ್ತರಿಸಿಲ್ಲ?"

"ಅತ್ತೆ, ಆ ಗೋಡೆ ಒಂದೇ ಆರಡಿ ಖಾಲಿ ಸಿಗೋದು."

"ಅಂದ್ರೆ ನನ್ನ ಬೀರು ಹೊರಗೆ, ನಿನ್ನ ಮೇಜು ಒಳಗೆ. ಆಯ್ತಮ್ಮಾ, ನಾಳೆ ನನಗೂ ಒಂದು ಕಾಗದ ಕತ್ತರಿಸಿ ಮೊಗಸಾಲೆಗೆ ಅಂಟಿಸು."

ಮೂರು ದಿನ ಅವರು ಮೊಗಸಾಲೆಯಲ್ಲಿ ಬೀರುವಿನ ಪಕ್ಕವೇ ಕೂತರು. ನಾಲ್ಕನೆಯ ದಿನ ನೋಡುತ್ತೇನೆ, ಕಾಗದದ ಮೇಜಿನ ಪಕ್ಕ ನಿಂತು, ಮೆಲ್ಲಗೆ ಮಂಚದವರೆಗೆ ನಡೆದು, ತಿರುಗಿ, ಮತ್ತೆ ನಡೆಯುತ್ತಿದ್ದಾರೆ. ಬೀರುವಿಗೆ ಸೊಂಟ ತಾಗಿಸಿಕೊಳ್ಳದೆ ಅವರು ಆ ಹಾಲ್ ದಾಟಿದ್ದು ಎಷ್ಟೋ ವರ್ಷಕ್ಕೆ ಅದೇ ಮೊದಲು. ನನ್ನನ್ನು ಕಂಡು "ಗಾಳಿ ಚೆನ್ನಾಗಿ ಬರುತ್ತೆ" ಅಂದರು, ಅಷ್ಟೇ. ಮಾರನೆಯ ದಿನ ಬೀರುವಿನ ಬೀಗದ ಕೈ ನನ್ನ ಮಿಷನ್ ಮೇಲಿತ್ತು.

ನಾಳೆ ಪ್ಲೈವುಡ್ ಕೊಯ್ಸಲು ಹೋಗುತ್ತೇವೆ. ಕಾರ್ಖಾನೆಯವರಿಗೆ ಏಪ್ರಿಲ್‌ವರೆಗೆ ಕಾಲಾವಕಾಶ ಕೇಳಿದ್ದೇನೆ.

ಅಕ್ಕ


ಮಾರ್ಚ್ ೯

ಅಕ್ಕಾ,

ಕಾಗದದ ಮನೆಯ ಕಥೆಯನ್ನು ಊಟದ ಹೊತ್ತಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಮ್ಮ ಅಡುಗೆಯವ ನಕ್ಕು ನಕ್ಕು ಸಾರು ಚೆಲ್ಲಿದ. ಇಷ್ಟು ವರ್ಷದಿಂದ ಮರ ಕೊಯ್ಯುವ ನನಗೆ ಇದು ಯಾಕೆ ಹೊಳೆಯಲಿಲ್ಲ?

ಇಲ್ಲಿ ನನಗೂ ಒಂದು ತಲೆನೋವು ಅಂಟಿಕೊಂಡಿದೆ. ಹಡಗಿನ ಔಷಧದ ಕೋಣೆ ಎಷ್ಟು ಇಕ್ಕಟ್ಟೆಂದರೆ ಪೆಟ್ಟು ತಿಂದವನನ್ನು ಮಲಗಿಸಲು ಜಾಗವಿಲ್ಲ. ಗೋಡೆಗೆ ಮಡಚುವ ಹಲಗೆಯೊಂದನ್ನು ಹೊಡೆದೆ. ಹಡಗು ಹೊರಳಿದಾಗಲೆಲ್ಲ ಆಸರೆಕೈಗಳು ತಾವಾಗಿ ಮುಚ್ಚಿಕೊಂಡು ಹಲಗೆ ಧಡಾರನೆ ಬೀಳುತ್ತದೆ. ವೈದ್ಯರು ನನ್ನನ್ನು ಕಂಡರೆ ಹುಬ್ಬು ಏರಿಸುತ್ತಾರೆ. ನಿಮ್ಮ ಮನೆ ಹೊರಳುವುದಿಲ್ಲ, ನಿನಗೆ ಆ ಭಯವಿಲ್ಲ ಬಿಡು.

ಅಂಚು ಗಟ್ಟಿಯಾಗಿ ಕೂರಿಸಿ. ಅಂಟು, ಮೊಳೆ ಎರಡೂ.

ಮೊಳೆಯಪ್ಪ


ಮಾರ್ಚ್ ೨೮

ಮಹಾರಾಯ,

ಗಟ್ಟಿಯಾಗಿಯೇ ಕೂರಿಸಿದೆವು. ಅಂಟು, ಮೊಳೆ ಎರಡೂ. ಈಗ ಆ ಅಂಚು ನಮ್ಮಪ್ಪನಾಣೆ ಅಲ್ಲಾಡುತ್ತಿಲ್ಲ.

ನಿನ್ನ ತಲೆಯಲ್ಲಿ ಏನು ತುಂಬಿದೆಯೋ? ನಮ್ಮ ಮನೆ ತೇಲುತ್ತದಾ? ನನ್ನ ಮೇಜಿನ ಮೇಲಿಂದ ಯಾವ ತಟ್ಟೆ ಜಾರಿ ಬೀಳಬೇಕಿತ್ತು? ನಿನ್ನೆ ಮೊದಲ ಕೋಟಿನ ಬಟ್ಟೆ ಹಾಸಿದೆ. ಅಂಚಿನ ಮೇಲೆ ಬಟ್ಟೆ ಗುಡ್ಡದ ಹಾಗೆ ಎದ್ದು ನಿಂತಿತು. ಕತ್ತರಿ ಅಂಚಿಗೆ ಬಡಿಯಿತು. ಒಳ್ಳೆಯ ಉಣ್ಣೆಯ ಬಟ್ಟೆ, ಮುಂಭಾಗದ ತುಂಡು ಸೊಟ್ಟಗೆ ಹೋಯಿತು. ಗಿರಾಕಿಗೆ ಏನು ಹೇಳಲಿ? ನನ್ನ ತಮ್ಮ ಸಮುದ್ರದಲ್ಲಿದ್ದಾನೆ, ಅದಕ್ಕೇ ನಿಮ್ಮ ಕೋಟು ಹಾಳಾಯಿತು ಅಂತಲೇ?

ನನಗೂ ಬುದ್ಧಿ ಬೇಡವಾ ಅಂತ ನೀನು ಕೇಳಬಹುದು. ಕೇಳಬೇಡ. ಒಂದು ವಾರ ಕಾಗದದ ಮೇಲೆ ಬದುಕಿದರೂ ಅಂಚು ಕಾಣಲಿಲ್ಲ, ಯಾಕೆಂದರೆ ಕಾಗದಕ್ಕೆ ಎತ್ತರ ಎಲ್ಲಿದೆ? ಅತ್ತೆ ಎದ್ದು ಹೋಗಿ ಮೊಗಸಾಲೆಯಲ್ಲಿ ನಿಂತಿರುವ ಬೀರುವಿನ ಧೂಳು ಒರೆಸಿ ಬಂದರು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ನಿನ್ನ ಉಪದೇಶ ಸಾಕು. ಇನ್ನು ಏನು ಮಾಡಬೇಕೋ ನಾನೇ ನೋಡಿಕೊಳ್ಳುತ್ತೇನೆ.

ಅಕ್ಕ


ಏಪ್ರಿಲ್ ೧೪

ಮೊಳೆಯಪ್ಪಾ,

ಹಿಂದಿನ ಕಾಗದದಲ್ಲಿ ಸ್ವಲ್ಪ ಜಾಸ್ತಿಯೇ ಕೂಗಾಡಿದೆ. ಹೊಟ್ಟೆಗೆ ಹಾಕಿಕೋ. ಈಗ ಕೂತಿದ್ದೀಯಾ? ಕೂತುಕೊಂಡು ಓದು.

ಮೇಜನ್ನು ಮಗುಚಿ ಹಾಕಿದೆ!

ಒಂದು ಕೋಟಿನ ಒಳಮೈ ಹೊರಮಾಡಿ ಇಸ್ತ್ರಿ ಹಾಕುತ್ತಿದ್ದಾಗ ಹೊಳೆಯಿತು. ಅಂಚು ಇರುವ ಮೈ ಮೇಲೆ ಯಾಕಿರಬೇಕು? ನಿಮ್ಮ ಭಾವನ ರಜೆಯ ದಿನ ಇಬ್ಬರೂ ಸೇರಿ ಕೀಲು ಬಿಚ್ಚಿದೆವು. ಅಡಿ ಮೇಲಾಯಿತು, ಮೇಲು ಅಡಿಯಾಯಿತು. ಈಗ ಇಳಿಸಿದರೆ ನನ್ನ ಕೈಗೆ ಸಿಗುವುದು ನುಣ್ಣನೆಯ ಸಪಾಟು ಮೈ, ಬಟ್ಟೆ ನೀರಿನ ಹಾಗೆ ಹರಿಯುತ್ತದೆ. ಎತ್ತಿ ಗೋಡೆಗೆ ಮಡಚಿದರೆ ಅಂಚಿನ ಮೈ ಹಾಲ್‌ಗೆ ಎದುರಾಗುತ್ತದೆ, ಆ ಅಂಚು ಈಗ ಚೌಕಟ್ಟು. ನಿಮ್ಮ ಭಾವ ಒಳಗೆ ಕಪ್ಪು ಬಳಿದರು. ಚಿನಕುರಳಿಗೆ ಆರಡಿಯ ಕರಿಹಲಗೆ! ಬೆಳಿಗ್ಗೆ ನಾನು ಕತ್ತರಿಸುತ್ತೇನೆ, ಸಂಜೆ ಅವಳು ಅದೇ ಗೋಡೆಯ ಮೇಲೆ ಲೆಕ್ಕ ಬಿಡಿಸುತ್ತಾಳೆ.

ಇನ್ನೊಂದು ಕೇಳು. ಮಗುಚಿದ ಮೇಲೆ ನಮ್ಮ ಆಸರೆಕೈಗಳು ಅಂಚಿಗೆ ಸಿಕ್ಕಿ ಅಲುಗಾಡಿದವು. ಅದಕ್ಕೆ ಪ್ರತಿ ಕೈಯ ತುದಿಗೆ ಒಂದು ಚಿಕ್ಕ ಮರದ ತುಂಡನ್ನು ಕಟ್ಟೆಯ ಹಾಗೆ ಹೊಡೆದೆ. ಮೇಜಿನ ಅಡಿಯಲ್ಲಿ ಅಂಚಿನಿಂದ ಸ್ವಲ್ಪ ಜಾಗ ಬಿಟ್ಟು ಒಂದು ಪಟ್ಟಿ ಕೂರಿಸಿದೆ. ಕೈ ತೆರೆದು ಮೇಜು ಇಳಿಸಿದರೆ ಆ ಕಟ್ಟೆ ಅಂಚಿಗೂ ಪಟ್ಟಿಗೂ ನಡುವೆ, ಗುಂಡಿ ಕಾಜಿನೊಳಗೆ ಕೂತ ಹಾಗೆ ಕೂರುತ್ತದೆ. ಮೇಜು ಎತ್ತದೆ ಕೈ ಮುಚ್ಚುವುದೇ ಇಲ್ಲ. ಚಿತ್ರ ಬರೆದಿದ್ದೇನೆ, ನಗಬೇಡ. ನಿನ್ನ ವೈದ್ಯರ ಹುಬ್ಬು ಇಳಿಯುತ್ತದೇನೋ ನೋಡು.

ನನಗೆ ಕೋಡು ಮೂಡಿದೆ ಅಂತ ಅತ್ತೆ ಹೇಳುತ್ತಾರೆ. ಮೂಡಲಿ ಬಿಡು. ನನ್ನ ಮನೆ, ನನ್ನ ಮೇಜು.

ಅಕ್ಕ


ಮೇ ೩೦

ಮೊಳೆಯಪ್ಪಾ,

ಉತ್ತರವಿಲ್ಲ. ಮುಖ ಊದಿಸಿಕೊಂಡು ಕೂತಿದ್ದೀಯ ಅಂತ ಕಾಣುತ್ತದೆ. ನಾನು ಬೈದೆ, ಆಮೇಲೆ ನಿನ್ನ ನಕ್ಷೆಯನ್ನೇ ತಲೆಕೆಳಗು ಮಾಡಿ ಅದನ್ನೂ ಜಂಬದಿಂದ ಬರೆದೆ. ಬಡಗಿಗೆ ಅದು ಚುಚ್ಚದೆ ಇರುತ್ತದೆಯೇ? ಚುಚ್ಚಿದ್ದರೆ ಬೈದು ಬರೆ. ಬೈಗುಳ ಬಂದರೂ ಸಾಕು.

ಮನೆ ಈಗ ನೋಡುವ ಹಾಗಿದೆ. ನೀನು ಹೇಳಿದ ಕನ್ನಡಿಯಿಂದ ಹಾಲ್‌ಗೆ ಎರಡನೆಯ ಕಿಟಕಿ ಬಂದಂತಾಗಿದೆ. ಉಳಿದ ಬಟ್ಟೆ ತುಂಡುಗಳನ್ನು ಜೋಡಿಸಿ ಪರದೆ ಹೊಲಿದೆ, ಹಳೆಯ ಬೀರುವಿನ ಬಾಗಿಲುಗಳೇ ಈಗ ಅಡುಗೆಮನೆಯ ಕಪಾಟಿನ ಬಾಗಿಲುಗಳು. ಅದು ಅತ್ತೆಯದೇ ಉಪಾಯ. ಯಾರಾದರೂ ಬಂದರೆ ಸಾಕು, ಅತ್ತೆ ಎದ್ದು ಮೇಜು ಇಳಿಸಿ, ಎತ್ತಿ, ಮತ್ತೆ ಇಳಿಸಿ ತೋರಿಸುತ್ತಾರೆ. "ನಮ್ಮ ಸೊಸೆ ತಲೆಯಿಂದ ಬಂದಿದ್ದು. ನೀವೂ ಒಂದ್ಸಲ ಎತ್ತಿ ನೋಡಿ, ಹೂವಿನ ಹಾಗಿದೆ." ಹಾಲು ಹಾಕುವವನನ್ನೂ ಬಿಟ್ಟಿಲ್ಲ.

ಆದರೂ ನಿನ್ನ ಹತ್ತಿರ ಮುಚ್ಚಿಡುವುದು ಯಾಕೆ, ಗಿರಾಕಿಗಳು ಕಡಿಮೆ. ಅಂಗಡಿಯ ಬಾಗಿಲಿಗೆ ಬರುತ್ತಿದ್ದವರಿಗೆ ಮೂರು ಮಹಡಿ ಹತ್ತುವುದು ಬೇಡವಾಗಿದೆ. ಮೇಲ್ವಿಚಾರಕಿ ತಾವೇ ಬಂದಿದ್ದರು. ಅತ್ತೆ ಅವರಿಗೂ ಮೇಜು ತೋರಿಸಿದರು! ಅವರು ನೋಡಿ ಮೆಚ್ಚಿದರು, ಮೆಚ್ಚಿಯೂ ಹೇಳಿದ್ದು ಇಷ್ಟು: "ಕೈ ಚೆನ್ನಾಗಿದೆ ಕಣಮ್ಮಾ. ಜುಲೈ ಮುಗಿಯೋದ್ರೊಳಗೆ ಬಂದ್ರೆ ನಿಮ್ಮ ಜಾಗ ಇರುತ್ತೆ. ಆಮೇಲೆ ನನ್ನ ಕೈಲಿಲ್ಲ."

ನಿಮ್ಮ ಭಾವ "ನಿನ್ನಿಷ್ಟ" ಅಂದರು. ನನ್ನಿಷ್ಟ ಯಾವುದೆಂದು ಅವರಿಗೆ ಗೊತ್ತು, ಅದಕ್ಕೇ ಮುಖ ನೋಡದೆ ಹೇಳಿದರು. ಹೋಗುವುದೇ ಸರಿ ಅನ್ನಿಸುತ್ತಿದೆ. ಮನೆಯೊಳಗೆ ಮೇಜಿಗೆ ಜಾಗ ಮಾಡಿದೆ, ಊರೊಳಗೆ ನನಗೆ ಜಾಗ ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ.

ಬರೆಯೋ. ಒಂದು ಸಾಲಾದರೂ ಬರೆ.

ಅಕ್ಕ


ಜುಲೈ ೪

ಅಕ್ಕಾ,

ಮುಖ ಊದಿಸಿಕೊಂಡಿಲ್ಲ. ನಿನ್ನ ಚಿತ್ರ ಸಿಕ್ಕ ಬಂದರು ಬಿಟ್ಟ ಮೇಲೆ ಇನ್ನೊಂದು ಬಂದರು ಸಿಗಲಿಲ್ಲ, ಕೆಲಸವೂ ಜಾಸ್ತಿಯಿತ್ತು. ಅಕ್ಷರ ಸೊಟ್ಟಗಿದ್ದರೆ ಪೆನ್ನು ಸರಿಯಿಲ್ಲ ಅಂದುಕೋ.

ನಿನ್ನ ಚಿತ್ರ ಕೈಗೆ ಸಿಕ್ಕ ದಿನವೇ ಔಷಧದ ಕೋಣೆಯ ಹಲಗೆ ಬಿಚ್ಚಿದೆ. ನೀನು ಮಾಡಿದ ಹಾಗೆಯೇ ಮಗುಚಿ, ಕಟ್ಟೆ ಹೊಡೆದು, ಪಟ್ಟಿ ಕೂರಿಸಿದೆ. ಕಾಗದವನ್ನೂ ಕತ್ತರಿಸಿ ನೆಲದ ಮೇಲೆ ಹಾಸಿ ನೋಡಿದೆ. ಈ ಸಲ ಅಂಚಿನ ಎತ್ತರಕ್ಕೆ ಕಾಗದದ ಪಕ್ಕ ನಿಲ್ಲಿಸಲು ಒಂದು ಪಟ್ಟಿಯನ್ನೂ ಕತ್ತರಿಸಿದೆ. ವೈದ್ಯರು ತಾವೇ ಹತ್ತಿ ಮಲಗಿ ಪರೀಕ್ಷಿಸಿದರು. "ಯಾರ ಕೆಲಸ ಇದು?" ಅಂದರು. "ನಮ್ಮಕ್ಕಂದು, ಕೋಟು ಹೊಲೀತಾಳೆ" ಅಂದೆ. ಹಡಗಿನಲ್ಲಿ ಈಗ ಅದಕ್ಕೆ ಅಕ್ಕನ ಮೇಜು ಅಂತಲೇ ಹೆಸರು. ಅಡುಗೆಯವನೂ ಹಾಗೇ ಕರೆಯುತ್ತಾನೆ, ಕಪ್ತಾನರೂ ಹಾಗೇ ಕರೆಯುತ್ತಾರೆ.

ಅದಾದ ಎರಡು ವಾರಕ್ಕೆ ದೊಡ್ಡ ಬಿರುಗಾಳಿಗೆ ಸಿಕ್ಕಿದೆವು. ನಿಲ್ಲಲು ಆಗುತ್ತಿರಲಿಲ್ಲ. ನಮ್ಮ ಜೊತೆಗಾರನೊಬ್ಬನ ಕೈ ಕಬ್ಬಿಣದ ಬಾಗಿಲಿಗೆ ಸಿಕ್ಕಿ ಅಂಗೈ ಸೀಳಿಹೋಯಿತು. ವೈದ್ಯರು ಅವನನ್ನು ಅಕ್ಕನ ಮೇಜಿನ ಮೇಲೆ ಮಲಗಿಸಿ ಕಟ್ಟಿದರು. ಹಡಗು ಒಂದು ಸಲ ಈ ಕಡೆ, ಒಂದು ಸಲ ಆ ಕಡೆ. ಸೂಜಿ ಚುಚ್ಚುವಾಗ ಮೇಲಕ್ಕೆ ನೋಡಿದರೆ ಚಾವಣಿಯಲ್ಲಿ ಒಂದು ತುಕ್ಕು ಹಿಡಿದ ಬೋಲ್ಟು ಕಾಣುತ್ತದೆ, ಅದನ್ನೇ ನೋಡುತ್ತಾ ಹಲ್ಲು ಕಚ್ಚಬೇಕು. ಕೋಣೆಯಲ್ಲಿ ಅಲ್ಲಾಡದೆ ಇದ್ದದ್ದು ಎರಡೇ, ವೈದ್ಯರ ಕೈ ಮತ್ತು ನಿನ್ನ ಮೇಜು. ಹಳೆಯ ಹಲಗೆಯಾಗಿದ್ದರೆ ಅದು ಬಿದ್ದು, ಸೂಜಿ ಎಲ್ಲೆಲ್ಲಿ ಹೋಗುತ್ತಿತ್ತೋ. ಬೆರಳುಗಳೆಲ್ಲ ಉಳಿದವು. ಮತ್ತೆ ಉಳಿ ಹಿಡಿಯಬಹುದಂತೆ, ನಿಧಾನಕ್ಕೆ.

ಕಾರ್ಖಾನೆಗೆ ಹೋಗಬೇಡ ಅಂತ ಹೇಳುವ ಅಧಿಕಾರ ನನಗಿಲ್ಲ. ನಿನ್ನ ಜಾಗದ ಬಗ್ಗೆ ಕೇಳಿದೆಯಲ್ಲ, ನನಗೆ ತಿಳಿದ ಮಟ್ಟಿಗೆ ಒಂದು ಹಡಗಿನಲ್ಲಂತೂ ಇದೆ.

ಮೊಳೆಯಪ್ಪ


ಜುಲೈ ೨೫

ತಮ್ಮಾ,

ನಿನ್ನ ಕಾಗದವನ್ನು ಮನೆಯವರೆಲ್ಲರಿಗೂ ಗಟ್ಟಿಯಾಗಿ ಓದಿದೆ. ಕಪ್ತಾನರ ಮಾತು ಬಂದಾಗ ನಿಮ್ಮ ಭಾವ ಎದ್ದು ನಿಂತುಬಿಟ್ಟರು. ಸಂಜೆಯೊಳಗೆ ಅವರ ಡಿಪೋದ ಅಷ್ಟೂ ಡ್ರೈವರ್‌ಗಳಿಗೆ ವಿಷಯ ಗೊತ್ತಾಗಿತ್ತು. ಅತ್ತೆ ಮೇಜಿನ ಮೇಲೆ ಅಂಗೈ ಊರಿ, ತಮ್ಮ ಭಾರವನ್ನೆಲ್ಲ ಬಿಟ್ಟು ನೋಡಿದರು. "ಬಿರುಗಾಳಿಗೇ ಜಗ್ಗದೆ ಇರೋದು ಮೂರು ಮಹಡಿಗೆ ಹೆದರಿ ಮಡಚ್ಕೊಳ್ಳುತ್ತಾ? ಹೋಗೇ, ಹೋಗಿ ಬರಲ್ಲ ಅಂತ ಹೇಳಿ ಬಾ."

ಹೋಗಿ ಹೇಳಿ ಬಂದೆ. ಮೇಲ್ವಿಚಾರಕಿ ಬೇಜಾರು ಮಾಡಿಕೊಳ್ಳಲಿಲ್ಲ. ಮಾರನೆಯ ಭಾನುವಾರ ಏದುಸಿರು ಬಿಡುತ್ತಾ ಮೂರು ಮಹಡಿ ಹತ್ತಿ ಬಂದು, ತಮ್ಮದೇ ಕೋಟಿಗೆ ಅಳತೆ ಕೊಟ್ಟು ಹೋದರು. ಕೆಳಗಿನ ಮನೆಯ ಗಂಡಹೆಂಡತಿ ಅವಳಿಜವಳಿ ಮಕ್ಕಳಿಗೆ ಕೋಣೆ ಹೊಂದಿಸಬೇಕು, ಬಂದು ಕಾಗದ ಕತ್ತರಿಸಿ ಹಾಸಿ ಕೊಡಿ ಎಂದು ಕೇಳಿದ್ದಾರೆ. ಎದುರು ಕಟ್ಟಡದ ಮೇಷ್ಟ್ರೂ ಕೇಳಿದ್ದಾರೆ. ಕೋಟು ಕಡಿಮೆಯಾದ ದಿನ ಮನೆಗಳ ಅಳತೆ ತೆಗೆಯುತ್ತೇನೆ. ನಾನು ಇನ್ನು ಯಾರ ಕಾಲರನ್ನೂ ಬಿಡಿಬಿಡಿಯಾಗಿ ಹೊಲಿಯುವುದಿಲ್ಲ. ಇಷ್ಟು ಹೆಮ್ಮೆ ನನಗೆ ಹಿಂದೆಂದೂ ಆಗಿರಲಿಲ್ಲ, ಸಂಕೋಚ ಬಿಟ್ಟು ಹೇಳುತ್ತಿದ್ದೇನೆ.

ಓದಿ ಮುಗಿಸಿ ಎಲ್ಲರೂ ಮಲಗಿದ ಮೇಲೆ ಇನ್ನೊಂದು ಸಲ ಓದಿದೆ. ಆಗ ಒಂದು ಸಾಲಿಗೆ ಬಂದು ನಿಂತೆ. ಚಾವಣಿಯ ಬೋಲ್ಟಿಗೆ ತುಕ್ಕು ಹಿಡಿದಿದೆ ಅಂತ ಪಕ್ಕದಲ್ಲಿ ನಿಂತವನಿಗೆ ಹೇಗೆ ಗೊತ್ತಾಯಿತು? ನಿನಗೆ ಹೇಗೆ ಗೊತ್ತಾಯಿತು, ಮೊಳೆಯಪ್ಪಾ? ಪೆನ್ನು ಸರಿಯಿಲ್ಲವಂತೆ! ಎಡಗೈಯಲ್ಲಿ ಬರೆದ ಹಾಗೆ ಅಕ್ಷರಗಳೆಲ್ಲ ಎಡಕ್ಕೆ ವಾಲಿವೆ. ಇವರಿಗೆ ಯಾರಿಗೂ ನಾನು ಹೇಳಿಲ್ಲ. ಹೇಳಿದರೆ ಅತ್ತೆ ಊಟ ಬಿಡುತ್ತಾರೆ.

ವೈದ್ಯರಿಗೆ ನನ್ನ ನಮಸ್ಕಾರ ತಿಳಿಸು. ಹೊರಳುವ ಹಡಗಿನಲ್ಲಿ ಹಾಕಿದ ಹೊಲಿಗೆ ನೆಟ್ಟಗಿದ್ದರೆ ಅವರ ಕೈ ನನ್ನ ಕೈಗಿಂತ ಮೇಲು. ಆದರೆ ಅದನ್ನು ನಾನು ಕಣ್ಣಾರೆ ಕಂಡೇ ಒಪ್ಪುವವಳು. ರಜೆ ಸಿಕ್ಕ ದಿನ ನೇರ ಮನೆಗೆ ಬಾ. ಬಂದವನು ಚೀಲ ಕೆಳಗಿಡುವ ಮೊದಲು ಬಲಗೈಯನ್ನು ನನ್ನ ಮೇಜಿನ ಮೇಲಿಡು.

ಅಕ್ಕ